ಕಚೇರಿಯಲ್ಲಿ ಕೂತು ಹರಿಹರದ ಮನೆ ಕಾಯುವವರು

ಟವೆಲ್ ಮುಚ್ಚಿದ ಕ್ಯಾಮೆರಾ ಕೇಳಿದ ಪ್ರಶ್ನೆ

ಬೆಳಿಗ್ಗೆ ಹನ್ನೊಂದೂಕಾಲು ಗಂಟೆ. ದಾವಣಗೆರೆ ಪಿ.ಜೆ. ಬಡಾವಣೆಯ ಒಂದು ಲೆಕ್ಕಪತ್ರದ ಕಚೇರಿ. ಗುಮಾಸ್ತರ ಕಂಪ್ಯೂಟರ್ ತುಂಬ ವ್ಯಾಪಾರಿಗಳ ಜಿ.ಎಸ್.ಟಿ. ಲೆಕ್ಕ. ಬಲಗಡೆ ಮೂಲೆಯಲ್ಲಿ ಮಾತ್ರ ಅಂಗೈ ಅಗಲದ ಇನ್ನೊಂದು ಕಿಟಕಿ. ಅದರೊಳಗೆ ನಾಲ್ಕು ಚೌಕ. ಒಂದರಲ್ಲಿ ಗೇಟು, ಒಂದರಲ್ಲಿ ಹಿತ್ತಲು, ಮತ್ತೊಂದರಲ್ಲಿ ಮಹಡಿ ಮೆಟ್ಟಿಲು, ಕೊನೆಯದರಲ್ಲಿ ನಡುಮನೆ. ಆ ಮನೆ ಇರುವುದು ಹರಿಹರದಲ್ಲಿ, ಸುಮಾರು 14 ಕಿಲೋಮೀಟರ್ ದೂರದಲ್ಲಿ. ಒಂದು ಬಿಲ್ಲು ಬರೆದರೆ ಕಣ್ಣು ಒಂದು ಸಲ ಮೂಲೆಗೆ. ಇನ್ನೊಂದು ಬಿಲ್ಲು ಬರೆದರೆ ಮತ್ತೊಂದು ಸಲ ಮೂಲೆಗೆ. ಇದು ಅವರ ನಿತ್ಯದ ಪಾಡು.

ಅವತ್ತು ಕಣ್ಣು ಹೊರಳಿದಾಗ ನಾಲ್ಕನೇ ಚೌಕ ಕಪ್ಪು. ಉಳಿದ ಮೂರು ಸರಿಯಾಗಿಯೇ ಇವೆ. ಅಂದರೆ ಕರೆಂಟು ಹೋಗಿಲ್ಲ, ನೆಟ್ಟೂ ಹೋಗಿಲ್ಲ. ನಡುಮನೆಯಲ್ಲಿ ಇರುವವರು ಎಪ್ಪತ್ತು ದಾಟಿದ ತಾಯಿ ಒಬ್ಬರೇ. ಫೋನ್ ಮಾಡಿದರೆ ಎತ್ತುತ್ತಿಲ್ಲ. ಮೂರು ಸಲ ಮಾಡಿದರು, ಮೂರು ಸಲವೂ ಬರೀ ರಿಂಗು. ಗುಮಾಸ್ತರು ಯಜಮಾನರಿಗೆ ಒಂದು ಮಾತು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಓಡಿ ಹರಿಹರದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಕೆಟ್ಟ ಯೋಚನೆಗಳೇ.

ಮನೆ ಹೊಕ್ಕರೆ ತಾಯಿ ತಣ್ಣಗೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾರೆ. ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ. ಟಿ.ವಿ. ಪಕ್ಕದ ಗೂಡಿನಲ್ಲಿದ್ದ ಕ್ಯಾಮೆರಾದ ಮೇಲೆ ಒಂದು ಟವೆಲ್.

"ಯಾಕವ್ವಾ ಹಿಂಗ್ ಮಾಡ್ದಿ? ಜೀವ ಹೋದಂಗಾತು."

"ಸೀರೆ ಬದ್ಲಾಯಿಸ್ಬೇಕಿತ್ತಪ್ಪಾ, ಮುಚ್ಚಿದೆ. ಆಮೇಲೆ ತೆಗೆಯೋದು ಮರೆತೆ. ಅಲ್ಲೋ ತಮ್ಮಾ, ಅದ್ರಾಗೆ ನೀನೊಬ್ನೇ ನೋಡ್ತೀಯೋ, ಇಲ್ಲ ನಿಮ್ಮ ಆಫೀಸ್ನೋರೆಲ್ಲ ನೋಡ್ತಾರೋ?"

ಗುಮಾಸ್ತರ ಬಳಿ ಉತ್ತರ ಇರಲಿಲ್ಲ. ಅರ್ಧ ದಿನದ ರಜೆ ಹೋಯಿತು, ಬಸ್ ಚಾರ್ಜು ಹೋಯಿತು, ಪ್ರಶ್ನೆ ಉಳಿಯಿತು.

ಆ ಪ್ರಶ್ನೆ ಒಂದು ಮನೆಯದಲ್ಲ. ದಿನಾ ಬೆಳಿಗ್ಗೆ ಟಿಫನ್ ಡಬ್ಬಿ ಹಿಡಿದು ಬಸ್ಸು ಹತ್ತುವ ಎಷ್ಟೋ ಜನ ಇವತ್ತು ಮನೆಯನ್ನು ಕಿಸೆಯಲ್ಲಿಟ್ಟುಕೊಂಡೇ ಹೊರಡುತ್ತಾರೆ. ಗಲ್ಲಾಪೆಟ್ಟಿಗೆ ಮುಂದೆ ಕೂತ ಅಂಗಡಿಯವರು ಒಂದು ಕಣ್ಣಿನಲ್ಲಿ ಗಿರಾಕಿಯನ್ನೂ ಇನ್ನೊಂದು ಕಣ್ಣಿನಲ್ಲಿ ಮನೆಯನ್ನೂ ನೋಡುತ್ತಾರೆ. ತಮ್ಮ ಮನೆಯನ್ನು ತಾವು ನೋಡಲು ಒಂದು ಬಾಗಿಲು ತೆರೆದಿದ್ದಾಯಿತು. ಆ ಬಾಗಿಲಿಗೆ ಚಿಲಕ ಇದೆಯೇ? ಇದ್ದರೆ ಕೀಲಿ ಯಾರ ಯಾರ ಹತ್ತಿರ ಇದೆ? ವಿಚಾರಿಸಿದವರು ಕಡಿಮೆ.

ಗೂರ್ಖಾನ ಸೀಟಿಯಿಂದ ನಾಲ್ಕು ಚೌಕದವರೆಗೆ

ಒಂದು ಕಾಲಕ್ಕೆ ಮನೆ ಕಾಯಲು ನಾಯಿ ಸಾಕುತ್ತಿದ್ದರು. ಬೀದಿ ಕಾಯಲು ಗೂರ್ಖಾ ಸೀಟಿ ಊದುತ್ತ, ಕೋಲು ಕುಟ್ಟುತ್ತ ಹೋಗುತ್ತಿದ್ದ. ಎರಡಕ್ಕಿಂತ ದೊಡ್ಡ ಕಾವಲು ಅಂದರೆ ಎದುರುಮನೆಯ ಕಟ್ಟೆ ಮೇಲೆ ಕೂತ ಅಜ್ಜಿ. ಯಾರು ಬಂದರು, ಯಾಕೆ ಬಂದರು, ಎಷ್ಟು ಹೊತ್ತಿಗೆ ಹೋದರು, ಎಲ್ಲ ಅಜ್ಜಿಯ ಲೆಕ್ಕದಲ್ಲಿರುತ್ತಿತ್ತು. ಈಗ ಎದುರುಮನೆಯವರೂ ಕೆಲಸಕ್ಕೆ ಹೋಗುತ್ತಾರೆ. ಕಟ್ಟೆ ಇದ್ದ ಜಾಗದಲ್ಲಿ ಸ್ಕೂಟರು ನಿಂತಿದೆ. ಆ ಖಾಲಿ ಜಾಗ ತುಂಬಲು ಬಂದದ್ದು ಕ್ಯಾಮೆರಾ.

ಮೊದಮೊದಲು ಕ್ಯಾಮೆರಾ ಇದ್ದದ್ದು ಬ್ಯಾಂಕಿನಲ್ಲಿ, ಚಿನ್ನಬೆಳ್ಳಿ ಅಂಗಡಿಯಲ್ಲಿ. ಆಮೇಲೆ ಕಿರಾಣಿ ಅಂಗಡಿಗೆ ಬಂತು, ಮಂಡಿಗೆ ಬಂತು, ಕೊನೆಗೆ ಮನೆಗೂ ಬಂತು. ತಪ್ಪೇನೂ ಇಲ್ಲ. ಬೀಗ ಮುರಿದವನ ಮುಖ ಸಿಕ್ಕಿದ್ದು ಎದುರಂಗಡಿಯ ಕ್ಯಾಮೆರಾದಲ್ಲಿ ಅನ್ನುವ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಕಳ್ಳರು ಹೋಗುವಾಗ ರೆಕಾರ್ಡಿಂಗ್ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋದರು ಅನ್ನುವ ಸುದ್ದಿಯೂ ಅಷ್ಟೇ ಬರುತ್ತದೆ ಅನ್ನುವುದು ಬೇರೆ ಮಾತು.

ಮೊದಲು ನೋಡಿದ್ದು ಒಳಗಿನವರು

ಮನೆಗೆ ಕ್ಯಾಮೆರಾ ಕಾವಲು ಅನ್ನುವ ಯೋಚನೆ ಯಾವುದೋ ದೊಡ್ಡ ಕಂಪನಿಯ ತಲೆಯಲ್ಲಿ ಹುಟ್ಟಿದ್ದಲ್ಲ. ಹುಟ್ಟಿದ್ದು ಅಮೆರಿಕದ ನ್ಯೂಯಾರ್ಕ್ ನಗರದ ಒಬ್ಬ ನರ್ಸಮ್ಮನ ತಲೆಯಲ್ಲಿ. ಹೆಸರು ಮೇರಿ ವ್ಯಾನ್ ಬ್ರಿಟನ್ ಬ್ರೌನ್. ಕ್ವೀನ್ಸ್ ಭಾಗದ ಜಮೈಕಾ ಎಂಬ ಬಡಾವಣೆಯಲ್ಲಿ ಮನೆ. ಗಂಡ ಆಲ್ಬರ್ಟ್ ಎಲೆಕ್ಟ್ರಾನಿಕ್ಸ್ ಕೆಲಸಗಾರ. ಇಬ್ಬರದೂ ಹೊತ್ತುಗೊತ್ತಿಲ್ಲದ ಡ್ಯೂಟಿ. ಬಡಾವಣೆಯಲ್ಲಿ ಕಳ್ಳತನ ಹೆಚ್ಚು, ಕರೆದರೆ ಪೊಲೀಸರು ಬರುವುದು ತಡ. ರಾತ್ರಿ ಬಾಗಿಲು ಬಡಿದವರು ಯಾರೆಂದು ಎದ್ದು ಹೋಗಿ ನೋಡುವುದಕ್ಕೂ ಭಯ.

ಗಂಡಹೆಂಡತಿ ಕೂತು ಒಂದು ಉಪಾಯ ಮಾಡಿದರು. ಬಾಗಿಲಿಗೆ ಬೇರೆ ಬೇರೆ ಎತ್ತರದಲ್ಲಿ ನಾಲ್ಕು ಕಿಂಡಿ. ಒಳಗಡೆ ಮೇಲೆ ಕೆಳಗೆ ಜಾರುವ ಕ್ಯಾಮೆರಾ. ಮಲಗುವ ಕೋಣೆಯಲ್ಲಿ ಟಿ.ವಿ. ಹಾಸಿಗೆ ಮೇಲೆ ಕೂತೇ ಹೊರಗಿನವನ ಮುಖ ನೋಡಬಹುದು, ಮಾತಾಡಿಸಬಹುದು, ಬೇಕಾದರೆ ಅಲ್ಲಿಂದಲೇ ಬಾಗಿಲ ಬೀಗ ತೆಗೆಯಬಹುದು. 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1969ರ ಡಿಸೆಂಬರ್ 2ರಂದು ಪೇಟೆಂಟ್ ಸಿಕ್ಕಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಮೇರಿ ಬ್ರೌನರ ಕ್ಯಾಮೆರಾ ಮನೆಯೊಳಗೆ ಇದ್ದವರಿಗೆ ಹೊರಗಿನವರನ್ನು ತೋರಿಸುತ್ತಿತ್ತು. ಹರಿಹರದ ನಡುಮನೆಯ ಕ್ಯಾಮೆರಾ ಹೊರಗೆ ಇದ್ದವರಿಗೆ ಮನೆಯೊಳಗಿನವರನ್ನು ತೋರಿಸುತ್ತದೆ. ಯಂತ್ರ ಒಂದೇ ಜಾತಿಯದು, ದಿಕ್ಕು ಮಾತ್ರ ತಿರುಗಿದೆ.

ಕಾಫಿ ಪಾತ್ರೆ ಕಾದ ಪಂಡಿತರು

ಕೆಲಸದ ಕಂಪ್ಯೂಟರಿನಲ್ಲಿ ದೂರದ ಕ್ಯಾಮೆರಾ ನೋಡುವ ಚಟಕ್ಕೂ ಒಂದು ಇತಿಹಾಸ ಉಂಟು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಎಲ್ಲರಿಗೂ ಸೇರಿ ಒಂದೇ ಕಾಫಿ ಯಂತ್ರ. ದೂರದ ಕೋಣೆಯಲ್ಲಿ ಕೂತವರು ಮೆಟ್ಟಿಲು ಹತ್ತಿಳಿದು ಬರುವಷ್ಟರಲ್ಲಿ ಪಾತ್ರೆ ಖಾಲಿ. 1991ರಲ್ಲಿ ಅಲ್ಲಿಯ ಸಂಶೋಧಕರು ಪಾತ್ರೆ ಎದುರಿಗೆ ಒಂದು ಕ್ಯಾಮೆರಾ ನಿಲ್ಲಿಸಿದರು. ಕೂತ ಜಾಗದಲ್ಲೇ ಕಂಪ್ಯೂಟರಿನಲ್ಲಿ ಪಾತ್ರೆಯ ಸಣ್ಣ ಕಪ್ಪುಬಿಳುಪು ಚಿತ್ರ. ಕಾಫಿ ಇದ್ದರೆ ಏಳುವುದು, ಇಲ್ಲದಿದ್ದರೆ ಇಲ್ಲ.

1993ರ ನವೆಂಬರಿನಲ್ಲಿ ಆ ಚಿತ್ರ ಜಗತ್ತಿನ ಇಂಟರ್ನೆಟ್ಟಿಗೆ ಸೇರಿತು. ದೇಶದೇಶದ ಜನ ಕೇಂಬ್ರಿಜ್‌ನ ಕಾಫಿ ಪಾತ್ರೆ ನೋಡುತ್ತ ಕೂತರು! 2001ರ ಆಗಸ್ಟ್ 22ರಂದು ಕ್ಯಾಮೆರಾ ನಿಂತಿತು. ಆ ಪಾತ್ರೆ 3,350 ಪೌಂಡಿಗೆ ಹರಾಜಾಗಿ ಜರ್ಮನಿಯ ಸ್ಪೀಗೆಲ್ ಪತ್ರಿಕೆಯವರ ಪಾಲಾಯಿತು.

ಕಥೆ ತಮಾಷೆಯದೇ. ಆದರೆ ಪಕ್ಕದ ಕೋಣೆಯವರಿಗೆ ಅಂತ ಇಟ್ಟ ಕ್ಯಾಮೆರಾವನ್ನು ಎರಡೇ ವರ್ಷದಲ್ಲಿ ಜಗತ್ತೆಲ್ಲ ನೋಡಿತು ಅನ್ನುವುದನ್ನು ನೆನಪಿಡಬೇಕು. ಅದು ಕಾಫಿ ಪಾತ್ರೆ, ಯಾರು ನೋಡಿದರೂ ನಷ್ಟವಿಲ್ಲ. ನಡುಮನೆ ಹಾಗಲ್ಲ.

ಚಿತ್ರ ಬರುವ ದಾರಿ

ಹರಿಹರದಿಂದ ದಾವಣಗೆರೆಗೆ ಚಿತ್ರ ಹೇಗೆ ಬರುತ್ತದೆ? ಗೋಡೆ ಮೇಲಿನ ಕ್ಯಾಮೆರಾದಿಂದ ತಂತಿ ರೆಕಾರ್ಡಿಂಗ್ ಪೆಟ್ಟಿಗೆಗೆ ಹೋಗುತ್ತದೆ. ಅದೇ ಡಿ.ವಿ.ಆರ್. ಒಳಗೆ ಹಾರ್ಡ್ ಡಿಸ್ಕ್ ಇರುತ್ತದೆ, ಚಿತ್ರವೆಲ್ಲ ಅಲ್ಲಿ ಶೇಖರಣೆ. ಆ ಪೆಟ್ಟಿಗೆಯಿಂದ ಇನ್ನೊಂದು ತಂತಿ ನೆಟ್ ಕನೆಕ್ಷನ್ನಿನ ರೂಟರಿಗೆ. ಅಲ್ಲಿಂದ ಮುಂದೆ ಎರಡು ದಾರಿ.

ಹಳೆಯ ದಾರಿ ಹೀಗೆ: ರೂಟರಿಗೆ ಒಂದು ಕಿಂಡಿ ಕೊರೆಯುವುದು. ಕೆಲಸದ ಹುಡುಗರ ಭಾಷೆಯಲ್ಲಿ ಪೋರ್ಟ್ ಫಾರ್ವರ್ಡ್. ಕಚೇರಿಯ ಬ್ರೌಸರಿನಲ್ಲಿ ಮನೆಯ ನೆಟ್ ವಿಳಾಸ ಹೊಡೆದರೆ ಆ ಕಿಂಡಿಯಿಂದ ನೇರ ಪೆಟ್ಟಿಗೆಗೆ ಪ್ರವೇಶ. ತೊಂದರೆ ಎರಡು. ಒಂದು, ಮನೆಯ ನೆಟ್ ವಿಳಾಸ ಆಗಾಗ ಬದಲಾಗುತ್ತದೆ. ಮೇಲಾಗಿ ಈಗ ಕೆಲವು ನೆಟ್ ಕಂಪನಿಗಳು, ಮೊಬೈಲ್ ಕಂಪನಿಗಳಂತೂ ವಿಶೇಷವಾಗಿ, ನೂರಾರು ಮನೆಗಳಿಗೆ ಸೇರಿ ಒಂದೇ ವಿಳಾಸ ಕೊಡುತ್ತವೆ. ವಠಾರದ ಹಾಗೆ. ಬೀದಿಗೆ ಕಾಣುವ ನಂಬರು ಒಂದು, ಒಳಗೆ ಮನೆ ಇಪ್ಪತ್ತು. ಅಂಚೆಯವನಿಗೆ ಯಾವ ಬಾಗಿಲು ಅಂತ ಗೊತ್ತಾಗುವುದಿಲ್ಲ. ಎರಡನೆಯ ತೊಂದರೆ ದೊಡ್ಡದು. ಕೊರೆದ ಕಿಂಡಿ ಮನೆಯ ಯಜಮಾನನಿಗೆ ಮಾತ್ರ ಕಾಣುವುದಿಲ್ಲ, ಬೀದಿಯಲ್ಲಿ ಹೋಗುವ ಎಲ್ಲರಿಗೂ ಕಾಣುತ್ತದೆ.

ಹೊಸ ದಾರಿಯಲ್ಲಿ ಕಿಂಡಿ ಬೇಕಿಲ್ಲ. ಪೆಟ್ಟಿಗೆಯ ಮೇಲೆ ಚೌಕಚೌಕದ ಒಂದು ಗುರುತು, ಕ್ಯೂ.ಆರ್. ಕೋಡ್ ಅಂಟಿಸಿರುತ್ತಾರೆ. ಅದನ್ನು ಫೋನಿಗೆ ತೋರಿಸಿದರೆ ಸಾಕು. ಪೆಟ್ಟಿಗೆ ತಾನಾಗಿ ಕಂಪನಿಯ ಸರ್ವರಿಗೆ ಹೋಗಿ ವರದಿ ಒಪ್ಪಿಸುತ್ತದೆ, ಫೋನೂ ಕಚೇರಿಯ ಕಂಪ್ಯೂಟರೂ ಅದೇ ಸರ್ವರನ್ನು ಕೇಳಿ ಚಿತ್ರ ತರಿಸಿಕೊಳ್ಳುತ್ತವೆ. ಸುಲಭವೇನೋ ಹೌದು. ಆದರೆ ನಡುವೆ ಮೂರನೆಯವರೊಬ್ಬರು ಬಂದು ಕೂತರು ಅನ್ನುವುದೂ ಹೌದು. ಅಮೆರಿಕದಲ್ಲಿ ಅಮೆಝಾನ್ ಒಡೆತನದ ರಿಂಗ್ ಕಂಪನಿಯ ನೌಕರರು ಗಿರಾಕಿಗಳ ಮನೆಯ ಚಿತ್ರ ನೋಡಲು ಅವಕಾಶವಾಗಿತ್ತು ಎಂದು ಅಲ್ಲಿಯ ಸರ್ಕಾರದ ವ್ಯಾಪಾರ ಆಯೋಗ ದೂರು ಹೂಡಿತು. 2023ರಲ್ಲಿ ಕಂಪನಿ 58 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು.

"ಆಫೀಸ್ನಲ್ಲಿ ಓಪನ್ನೇ ಆಗ್ತಿಲ್ಲ ಸಾರ್"

ಕ್ಯಾಮೆರಾ ಜೋಡಿಸುವ ಹುಡುಗರಿಗೆ ಬರುವ ಫೋನುಗಳಲ್ಲಿ ಇದೊಂದು ಖಾಯಂ. ಮೊಬೈಲಿನಲ್ಲಿ ಬರುತ್ತದೆ, ಕಚೇರಿಯ ಕಂಪ್ಯೂಟರಿನಲ್ಲಿ ಬರುವುದಿಲ್ಲ. ಕಾರಣ ಹಲವು. ಹಳೆಯ ಪೆಟ್ಟಿಗೆಗಳು ಇಂಟರ್ನೆಟ್ ಎಕ್ಸ್‌ಪ್ಲೋರರ್ ಎಂಬ ಬ್ರೌಸರನ್ನೇ ನಂಬಿದ್ದವು. ಮೈಕ್ರೋಸಾಫ್ಟ್ 2022ರ ಜೂನ್ 15ಕ್ಕೆ ಅದಕ್ಕೆ ವಿದಾಯ ಹೇಳಿತು. ಹೊಸ ಬ್ರೌಸರಿಗೆ ಹಳೆ ಪೆಟ್ಟಿಗೆಯ ಮಾತು ಅರ್ಥವಾಗುವುದಿಲ್ಲ. ಇನ್ನು ಕೆಲವು ಕಚೇರಿಗಳಲ್ಲಿ ಬೇಕಾದ್ದು ಬಿಟ್ಟು ಉಳಿದ ದಾರಿಯನ್ನೆಲ್ಲ ಫೈರ್‌ವಾಲ್ ಹಾಕಿ ಮುಚ್ಚಿರುತ್ತಾರೆ. ಮುಚ್ಚಿದ್ದು ಕಚೇರಿಯ ಕ್ಷೇಮಕ್ಕೆ. ಅದನ್ನು ದಾಟಲು ಕಂಡಕಂಡ ಸಾಫ್ಟ್‌ವೇರ್ ಇಳಿಸಿಕೊಂಡರೆ ಕಚೇರಿಯ ಲೆಕ್ಕವೆಲ್ಲ ಅಪಾಯಕ್ಕೆ. ಹಾಗೆ ಮಾಡಿ ಕೆಲಸಕ್ಕೇ ಸಂಚಕಾರ ತಂದುಕೊಳ್ಳುವುದು ಯಾರಿಗೂ ಬೇಡ.

ಚಿತ್ರ ಬಂದರೂ ನಿಂತು ನಿಂತು ಬರುವುದು ಇನ್ನೊಂದು ಗೋಳು. ಇದಕ್ಕೆ ಸರಳ ಲೆಕ್ಕವಿದೆ. ಒಳ್ಳೆ ಚಿತ್ರಕ್ಕೆ ಅಂತ ಒಂದು ಕ್ಯಾಮೆರಾವನ್ನು ಸೆಕೆಂಡಿಗೆ 4 ಮೆಗಾಬಿಟ್‌ನಲ್ಲಿ ಇಟ್ಟರೆ ನಾಲ್ಕು ಕ್ಯಾಮೆರಾಕ್ಕೆ 16 ಮೆಗಾಬಿಟ್. ಇಷ್ಟನ್ನೂ ಮನೆಯ ನೆಟ್ಟು ಹೊರಕ್ಕೆ ಕಳಿಸಬೇಕು. ಅದಕ್ಕಾಗಿಯೇ ಪೆಟ್ಟಿಗೆಯಲ್ಲಿ ಸಬ್ ಸ್ಟ್ರೀಮ್ ಅಂತ ಎರಡನೇ ಚಿತ್ರ ಇರುತ್ತದೆ, ಸಣ್ಣದು, ಹಗುರದ್ದು. ಅದನ್ನು ಅರ್ಧ ಮೆಗಾಬಿಟ್‌ಗೆ ಇಟ್ಟರೆ ನಾಲ್ಕೂ ಸೇರಿ 2 ಮೆಗಾಬಿಟ್. ದೂರದಿಂದ ನೋಡಲು ಇದು, ಡಿಸ್ಕಿನಲ್ಲಿ ಉಳಿಸಲು ದೊಡ್ಡದು. ಹೀಗೆ ಬೇರೆ ಮಾಡಿಕೊಂಡರೆ ಗೋಳು ಅರ್ಧ ತಪ್ಪಿತು.

ಡಿಸ್ಕಿನ ಲೆಕ್ಕವೂ ಅಂಗಡಿಯವರಿಗೆ ಗೊತ್ತಿರಬೇಕು. 4 ಮೆಗಾಬಿಟ್‌ನ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 43 ಜಿ.ಬಿ. ತಿನ್ನುತ್ತದೆ. ನಾಲ್ಕು ಕ್ಯಾಮೆರಾಕ್ಕೆ 173 ಜಿ.ಬಿ. ಒಂದು ಟಿ.ಬಿ. ಡಿಸ್ಕ್ ಆರು ದಿನವೂ ಬಾಳುವುದಿಲ್ಲ, ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುತ್ತದೆ. ಹದಿನೈದು ದಿನ ಊರಿಗೆ ಹೋಗಿ ಬಂದವರು ಮೊದಲನೇ ದಿನದ ಕಳ್ಳನನ್ನು ಹುಡುಕಿದರೆ ಸಿಗುವುದು ಬರೀ ಖಾಲಿ ಅಂಗಳ. ಜನ ಹೆಚ್ಚು ಸೇರುವ ಜಾಗಗಳಿಗೆ ಕರ್ನಾಟಕ ಸರ್ಕಾರ 2017ರಲ್ಲಿ ತಂದ ಸಾರ್ವಜನಿಕ ಸುರಕ್ಷತಾ ಕಾನೂನು 30 ದಿನದ ಚಿತ್ರ ಇಟ್ಟುಕೊಳ್ಳಬೇಕು ಅನ್ನುತ್ತದೆ. ಅರ್ಧಕ್ಕೆ ಇಳಿಸಿ 2 ಮೆಗಾಬಿಟ್ ಮಾಡಿದರೂ ನಾಲ್ಕು ಕ್ಯಾಮೆರಾಕ್ಕೆ 30 ದಿನಕ್ಕೆ ಸುಮಾರು 2,600 ಜಿ.ಬಿ. ಬೇಕು. ಪೆಟ್ಟಿಗೆ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು. ಕರೆಂಟು ಹೋದಾಗ ಪೆಟ್ಟಿಗೆಗೆ ಮಾತ್ರ ಯು.ಪಿ.ಎಸ್. ಕೊಟ್ಟು ರೂಟರನ್ನು ಮರೆತರೆ ಚಿತ್ರ ಮನೆಯಲ್ಲಿ ಉಳಿಯುತ್ತದೆ, ಕಚೇರಿಗೆ ಬರುವುದಿಲ್ಲ.

ನೋಡಿದವರು ಬೇರೆ ಯಾರು?

ಈಗ ತಾಯಿಯ ಪ್ರಶ್ನೆಗೆ ಬರೋಣ. ನೀನೊಬ್ಬನೇ ನೋಡ್ತೀಯೋ?

2014ರಲ್ಲಿ ಒಂದು ಅಂತರ್ಜಾಲ ತಾಣ ಹುಟ್ಟಿಕೊಂಡಿತು. ಜಗತ್ತಿನ ನಾನಾ ದೇಶಗಳ ಸುಮಾರು 73,000 ಕ್ಯಾಮೆರಾಗಳ ಚಿತ್ರ ಅದರಲ್ಲಿ ಪುಕ್ಕಟೆ ಪ್ರದರ್ಶನ. ಅಂಗಡಿ, ಗೋದಾಮು, ಮಲಗುವ ಕೋಣೆ, ಮಗುವಿನ ತೊಟ್ಟಿಲು ಎಲ್ಲ. ಬೀಗ ಒಡೆದು ತೆಗೆದದ್ದಲ್ಲ. ಕಾರ್ಖಾನೆಯಿಂದ ಬಂದಾಗ ಇದ್ದ ಪಾಸ್‌ವರ್ಡನ್ನೇ ಮಾಲೀಕರು ಹಾಗೆಯೇ ಉಳಿಸಿಕೊಂಡಿದ್ದರು, ಅಷ್ಟೇ.

2016ರಲ್ಲಿ ಮಿರಾಯ್ ಎಂಬ ಒಂದು ದುಷ್ಟ ಪ್ರೋಗ್ರಾಂ ಹಬ್ಬಿತು. ಅದರ ಕೈಯಲ್ಲಿದ್ದ ಆಯುಧ ಇಷ್ಟೇ: ಕಾರ್ಖಾನೆಯವರು ಇಡುವ ಸುಮಾರು 60 ಹೆಸರು ಪಾಸ್‌ವರ್ಡುಗಳ ಒಂದು ಪಟ್ಟಿ. ಅವನ್ನೇ ಒಂದೊಂದಾಗಿ ಹಾಕಿ ನೋಡಿ ಲಕ್ಷಾಂತರ ಕ್ಯಾಮೆರಾ, ಡಿ.ವಿ.ಆರ್., ರೂಟರುಗಳ ಒಳಹೊಕ್ಕಿತು. ಅವನ್ನೆಲ್ಲ ಸೇನೆ ಮಾಡಿಕೊಂಡು ಆ ವರ್ಷ ಅಕ್ಟೋಬರ್ 21ರಂದು ಡಿನ್ ಎಂಬ ಕಂಪನಿಯ ಮೇಲೆ ಬಿಟ್ಟಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಮುಂತಾದವು ತಾಸುಗಟ್ಟಲೆ ನಿಂತವು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಮನೆ ಕಾಯಬೇಕಾದ ಕ್ಯಾಮೆರಾ ಊರು ಸುಡಲು ಹೊರಟಿತು. ಮನೆಯ ಮಾಲೀಕರಿಗೆ ಅದರ ಸುಳಿವೂ ಇರಲಿಲ್ಲ.

ದೂರದ ಮಾತು ಬಿಡಿ ಅನ್ನುವವರಿಗೆ ಹತ್ತಿರದ್ದು ಒಂದಿದೆ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟದ ಒಂದು ಹೆರಿಗೆ ಆಸ್ಪತ್ರೆಯ ಪ್ರಕರಣ ಬಯಲಿಗೆ ಬಂತು. ಪರೀಕ್ಷೆಗೆ ಬಂದ ಹೆಣ್ಣುಮಕ್ಕಳ ಚಿತ್ರಗಳು ಆಸ್ಪತ್ರೆಯ ಕ್ಯಾಮೆರಾದಿಂದ ಕದ್ದು ಟೆಲಿಗ್ರಾಂನಲ್ಲಿ ದುಡ್ಡಿಗೆ ಮಾರಾಟವಾಗುತ್ತಿದ್ದವು. ಅಹಮದಾಬಾದಿನ ಸೈಬರ್ ಪೊಲೀಸರು ಹಲವರನ್ನು ಬಂಧಿಸಿದರು. ಅದೇ ವರ್ಷದ ಕೊನೆಗೆ ದಕ್ಷಿಣ ಕೊರಿಯಾದ ಪೊಲೀಸರು ನಾಲ್ವರನ್ನು ಹಿಡಿದರು. ಮನೆ, ಅಂಗಡಿಗಳ 1,20,000 ಕ್ಯಾಮೆರಾಗಳಿಗೆ ಕನ್ನ ಹಾಕಿದ ಆರೋಪ. ಅಲ್ಲಿಯೂ ಕಾರಣ ಅದೇ, ಒಂದು ಎರಡು ಮೂರು ನಾಲ್ಕು ಅನ್ನುವಂಥ ಹಗುರ ಪಾಸ್‌ವರ್ಡು.

ಈ ಊರುಗಳಲ್ಲಿ ಪರಿಸ್ಥಿತಿ ಬೇರೆಯೇ? ಪೆಟ್ಟಿಗೆ ಜೋಡಿಸಲು ಬಂದ ಹುಡುಗ ತನಗೆ ನೆನಪಿರಲಿ ಅಂತ ಬೀದಿಯ ಹತ್ತು ಮನೆಗೂ ಒಂದೇ ಪಾಸ್‌ವರ್ಡ್ ಹಾಕಿ ಹೋಗುವುದುಂಟು. ಹುಡುಗ ಒಳ್ಳೆಯವನೇ ಇರಬಹುದು. ಆದರೆ ಹತ್ತು ಮನೆಗೆ ಒಂದೇ ಕೀಲಿ ಮಾಡಿಸುವವರು ಯಾರಾದರೂ ಇದ್ದಾರೆಯೇ?

ಕಚೇರಿಯ ಕಂಪ್ಯೂಟರ್ ಅಂದರೆ ಇನ್ನೊಂದು ಅಪಾಯ. ಮೊದಲ ದಿನ ಬ್ರೌಸರು "ಪಾಸ್‌ವರ್ಡ್ ನೆನಪಿಡಲೇ?" ಅಂತ ಕೇಳುತ್ತದೆ. ಅವಸರದಲ್ಲಿ ಹೂಂ ಅಂದರೆ ಮುಗಿಯಿತು. ಊಟಕ್ಕೆ ಎದ್ದು ಹೋದಾಗ ಆ ಕುರ್ಚಿಯಲ್ಲಿ ಕೂತವರಿಗೆಲ್ಲ ಮನೆ ಕಾಣುತ್ತದೆ. ಕೆಲಸ ಬಿಟ್ಟು ಹೋದ ಮೇಲೂ ಆ ಕಂಪ್ಯೂಟರ್ ಅಲ್ಲೇ ಇರುತ್ತದೆ. ತಾಯಿ ಕೇಳಿದ್ದು ಇದನ್ನೇ.

ಕಾನೂನು ಏನನ್ನುತ್ತದೆ

ಮನೆ ಯಜಮಾನ ತನ್ನ ಮನೆಯಲ್ಲಿ ಎಲ್ಲಿ ಬೇಕಾದರೂ ಕ್ಯಾಮೆರಾ ಹಾಕಬಹುದು ಅನ್ನುವುದು ಹಲವರ ನಂಬಿಕೆ. ಅಷ್ಟು ಸಲೀಸಲ್ಲ.

ಖಾಸಗಿ ಬದುಕು ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕದವರೇ, ರಾಜ್ಯ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಬೆಳಕು ಮನೆಯೊಳಗೂ ಬಿತ್ತು. ಕೋಲ್ಕತ್ತದ ಒಂದು ಹಳೆ ಮನೆಯಲ್ಲಿ ಒಟ್ಟಿಗೆ ಇದ್ದ ಸಹೋದರರ ನಡುವೆ ಒಳಗಡೆ ಹಾಕಿದ ಕ್ಯಾಮೆರಾದ ಬಗ್ಗೆ ವ್ಯಾಜ್ಯ ಬಂತು. ಜೊತೆಗಿರುವವರ ಒಪ್ಪಿಗೆ ಇಲ್ಲದೆ ವಾಸದ ಜಾಗದಲ್ಲಿ ಕ್ಯಾಮೆರಾ ನಡೆಸುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ ಹೇಳಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ಒಪ್ಪಲಿಲ್ಲ.

ಇನ್ನು ಒಪ್ಪಿಗೆ ಇಲ್ಲದೆ ಒಬ್ಬರ ಗುಪ್ತಾಂಗಗಳ ಚಿತ್ರ ತೆಗೆಯುವುದು, ಹಂಚುವುದು ಐ.ಟಿ. ಕಾಯ್ದೆಯ 66-ಇ ಕಲಮಿನಡಿ ಅಪರಾಧ. ಮೂರು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ. ಹೆಂಗಸರ ಖಾಸಗಿ ಗಳಿಗೆಯನ್ನು ಕದ್ದು ನೋಡುವುದು, ಚಿತ್ರೀಕರಿಸುವುದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಲ್ಲಿ ಅಪರಾಧ. ಅಂಗಡಿಯ ಬಟ್ಟೆ ಬದಲಾಯಿಸುವ ಕೋಣೆಯತ್ತ ಕ್ಯಾಮೆರಾ ತಿರುಗಿಸಿಟ್ಟವರು ಇದನ್ನು ಎರಡು ಸಲ ಓದಿಕೊಳ್ಳುವುದು ಒಳ್ಳೆಯದು.

ಕಳ್ಳ ಸಿಕ್ಕಿದ ಮೇಲೂ ಕೆಲಸ ಇದೆ. ಚಿತ್ರವನ್ನು ಕೋರ್ಟು ಒಪ್ಪಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕು. ಪೆಟ್ಟಿಗೆಯ ಗಡಿಯಾರವೇ ತಪ್ಪಿದ್ದರೆ ಎದುರು ವಕೀಲರಿಗೆ ಅದೇ ಹಬ್ಬ.

ಕ್ಯಾಮೆರಾ ಮಾರುವವರ ಮೇಲೂ ಸರ್ಕಾರ ಕಣ್ಣಿಟ್ಟಿದೆ. ಭದ್ರತಾ ಪರೀಕ್ಷೆಯಲ್ಲಿ ಪಾಸಾದ ಕ್ಯಾಮೆರಾ ಮಾತ್ರ ಮಾರಬೇಕು ಎಂದು ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿತು. ವರ್ಷದ ಬಳಿಕ, 2025ರ ಏಪ್ರಿಲ್‌ನಲ್ಲಿ ಅದು ಜಾರಿಗೆ ಬಂತು. ಆದರೆ ಗೋಡೆ ಮೇಲೆ ಆಗಲೇ ಕೂತಿರುವ ಹಳೆ ಕ್ಯಾಮೆರಾಗಳ ಚಿಲಕ ಹಾಕಬೇಕಾದವರು ಮನೆಯವರೇ.

ಚಿಲಕ ಹಾಕುವುದು ಹೇಗೆ

ಖರ್ಚಿಲ್ಲದ ಕೆಲಸಗಳು ಇವು. ಜೋಡಿಸುವ ಹುಡುಗ ಹೋದ ದಿನವೇ ಪಾಸ್‌ವರ್ಡ್ ಬದಲಾಯಿಸುವುದು. ಮಗನ ಹೆಸರು, ಸ್ಕೂಟರ್ ನಂಬರು ಬೇಡ, ಉದ್ದದ್ದು ಇರಲಿ. ರೂಟರಿನ ಪಾಸ್‌ವರ್ಡನ್ನೂ ಬದಲಾಯಿಸಬೇಕು. ಹಳೆ ಕಾಲದಲ್ಲಿ ಕೊರೆಸಿದ ಪೋರ್ಟ್ ಕಿಂಡಿ ಇದ್ದರೆ ಅದೇ ಹುಡುಗನನ್ನು ಕರೆದು ಮುಚ್ಚಿಸುವುದು. ಪೆಟ್ಟಿಗೆಗೂ ಆ್ಯಪಿಗೂ ಹೊಸ ಅಪ್‌ಡೇಟ್ ಬಂದರೆ ಹಾಕಿಸುವುದು. ಫೋನಿಗೆ ಓ.ಟಿ.ಪಿ. ಬಂದ ಮೇಲೆಯೇ ಒಳಗೆ ಬಿಡುವ ವ್ಯವಸ್ಥೆ ಇದ್ದರೆ ಅದನ್ನು ಚಾಲೂ ಮಾಡುವುದು.

ಕಚೇರಿಯಲ್ಲಿ ನೋಡಲೇಬೇಕು ಅನ್ನುವವರು ಮೊದಲು ಯಜಮಾನರ ಒಪ್ಪಿಗೆ ಕೇಳಬೇಕು. ಪೂರ್ತಿ ಅಧಿಕಾರದ ಪಾಸ್‌ವರ್ಡ್ ಅಲ್ಲಿ ಹೊಡೆಯದೆ, ಬರೀ ನೋಡಲು ಮಾತ್ರ ಬರುವ ಎರಡನೇ ಖಾತೆ ಮಾಡಿಕೊಳ್ಳಬೇಕು. ಅದರಲ್ಲಿ ಗೇಟು ಹಿತ್ತಲು ಮಾತ್ರ ಕಾಣುವ ಹಾಗೆ ಇಡಬಹುದು. ಪಾಸ್‌ವರ್ಡ್ ನೆನಪಿಡಬೇಡ ಅನ್ನಬೇಕು, ಏಳುವಾಗ ಲಾಗೌಟ್ ಆಗಬೇಕು. ಇದಕ್ಕಿಂತ ತಮ್ಮ ಮೊಬೈಲಿನಲ್ಲೇ ನೋಡುವುದು ಕ್ಷೇಮ.

ದಿನವಿಡೀ ನೋಡುತ್ತ ಕೂರುವುದರಿಂದ ಕಳ್ಳ ಸಿಗುವುದೂ ಇಲ್ಲ. ಅಂಗಳದಲ್ಲಿ ಚಲನೆ ಕಂಡರೆ ಫೋನಿಗೆ ಸೂಚನೆ ಬರುವಂತೆ ಮಾಡಬಹುದು. ಬೆಕ್ಕು ದಾಟಿದರೂ, ರಾತ್ರಿ ಕ್ಯಾಮೆರಾ ಮುಂದೆ ಜೇಡ ಬಲೆ ಕಟ್ಟಿದರೂ ಸೂಚನೆ ಬರುತ್ತದೆ ಅನ್ನುವುದು ಅದರ ತಲೆನೋವು. ವಾರಕ್ಕೊಮ್ಮೆ ಕಡ್ಡಿಪೊರಕೆ ಆಡಿಸಿದರೆ ಅರ್ಧ ಸುಳ್ಳು ಸೂಚನೆ ನಿಲ್ಲುತ್ತವೆ.

ನಿಜವಾಗಿಯೂ ಯಾರೋ ಗೇಟು ಹಾರಿದ್ದು ಕಂಡಿತು ಅಂತಿಟ್ಟುಕೊಳ್ಳಿ. 14 ಕಿಲೋಮೀಟರ್ ಆಚೆ ಕೂತವರು ಏನು ಮಾಡಬಲ್ಲರು? ಕ್ಯಾಮೆರಾ ನೋಡುತ್ತದೆ, ಹಿಡಿಯುವುದಿಲ್ಲ. 112ಕ್ಕೆ ಫೋನ್ ಮಾಡಬಹುದು. ಅದಕ್ಕೂ ಮೊದಲು ಓಡಿ ಬರುವವರು ಪಕ್ಕದ ಮನೆಯವರು. ಅವರ ನಂಬರು ಫೋನಿನಲ್ಲಿ ಇಲ್ಲದಿದ್ದರೆ ನಾಲ್ಕು ಕ್ಯಾಮೆರಾ ಹಾಕಿಸಿಯೂ ಮನೆ ಒಂಟಿಯೇ. ತಮ್ಮ ಮನೆಯ ಚಿತ್ರ ಎಲ್ಲೋ ಹರಿದಾಡುತ್ತಿದೆ ಅನ್ನುವ ಅನುಮಾನ ಬಂದವರಿಗೆ ಸೈಬರ್ ಅಪರಾಧದ ಸಹಾಯವಾಣಿ 1930 ಇದೆ.

ಹರಿಹರದ ಮನೆಯಲ್ಲಿ

ಟವೆಲ್ ಪ್ರಕರಣವಾದ ಭಾನುವಾರ ಗುಮಾಸ್ತರು ಜೋಡಿಸುವ ಹುಡುಗನನ್ನು ಕರೆಸಿದರು. ಪಾಸ್‌ವರ್ಡ್ ಎಲ್ಲ ಬದಲಾಯಿತು. ಕಿಂಡಿ ಒಂದು ಇತ್ತು, ಮುಚ್ಚಿತು. ನಡುಮನೆಯ ಕ್ಯಾಮೆರಾ ಏನು ಮಾಡುವುದು ಅನ್ನುವುದನ್ನು ಈ ಸಲ ತಾಯಿಯನ್ನೇ ಕೇಳಿದರು.

"ಬಾಗ್ಲಿಗೆ ಎಷ್ಟಾದ್ರೂ ಹಾಕ್ರಪ್ಪಾ, ನಡುಮನಿಗೆ ಬ್ಯಾಡ. ನಾ ಬಿದ್ರೆ ಅಂತ ನಿಂಗೆ ಚಿಂತಿ ಇದ್ರೆ ದಿನಾ ಹನ್ನೊಂದಕ್ಕೊಂದು ಫೋನ್ ಮಾಡು, ಎತ್ತಿ ಮಾತಾಡ್ತೀನಿ."

ಕ್ಯಾಮೆರಾ ಗೂಡಿನಿಂದ ಇಳಿದು ಮುಂಬಾಗಿಲ ಮೇಲೆ ಹೋಯಿತು. ಹುಡುಗ ಒಂದು ಒಳ್ಳೆ ಕೆಲಸವನ್ನೂ ಮಾಡಿದ. ಪೆಟ್ಟಿಗೆಯ ಇನ್ನೊಂದು ತಂತಿಯನ್ನು ಎಳೆದು ನಡುಮನೆಯ ಟಿ.ವಿ.ಗೆ ಕೊಟ್ಟ. ರಿಮೋಟಿನಲ್ಲಿ ಒಂದು ಗುಂಡಿ ಒತ್ತಿದರೆ ತಾಯಿಗೆ ಗೇಟು ಕಾಣುತ್ತದೆ. ನ್ಯೂಯಾರ್ಕಿನ ನರ್ಸಮ್ಮ 1966ರಲ್ಲಿ ಬಯಸಿದ್ದೂ ಇಷ್ಟೇ. ನೋಡುವ ಹಕ್ಕು ಮೊದಲು ಒಳಗಿರುವವರದು.

ಕಚೇರಿಯ ಕಂಪ್ಯೂಟರಿನ ಮೂಲೆಯಲ್ಲಿ ಈಗ ಆ ಕಿಟಕಿ ಇಲ್ಲ. ಹನ್ನೊಂದು ಗಂಟೆಗೆ ಗುಮಾಸ್ತರು ತಾವೇ ಫೋನ್ ಮಾಡುತ್ತಾರೆ. ಮೊನ್ನೆ ಹನ್ನೊಂದಕ್ಕೆ ಐದು ನಿಮಿಷ ಇದ್ದಂತೆ ಆ ಕಡೆಯಿಂದಲೇ ಫೋನ್ ಬಂತು.

"ಯಾರೋ ಕೊರಿಯರ್‌ನೋನು ಗೇಟಿನತ್ರ ನಿಂತಾನಪ್ಪಾ, ಟಿ.ವಿ.ಯಾಗೆ ಕಾಣ್ತಾನೆ. ನಾ ನೋಡ್ಕಂತೀನಿ. ನೀ ನಿನ್ನ ಲೆಕ್ಕ ಬರಿ."